ಹಳೆಯ ಫ್ರೆಂಚ್ ಪ್ರೇಮಚಿತ್ರ: ಬಿಂಕ ಬೇಕೋ, ಹಮ್ಮು ಬೇಕೋ, ಡೌಲು ಬೇಕೋ?

"ಒಂದು ಒಳ್ಳೆ ಹಳೇ ಫ್ರೆಂಚ್ ಸಿನಿಮಾ ಹೇಳಿ, ಪ್ರೀತಿಯದ್ದು" ಅಂತ ಕೇಳುವವರು ವರ್ಷಕ್ಕೆ ನಾಲ್ಕೈದು ಜನ ಸಿಗುತ್ತಾರೆ. ಮೊದಲೆಲ್ಲ ಬಾಯಿಗೆ ಬಂದ ಹೆಸರು ಹೇಳಿಬಿಡುತ್ತಿದ್ದೆ. ಆಮೇಲೆ ಬೈಸಿಕೊಂಡಿದ್ದೂ ಆಯಿತು. ಆಫೀಸಿನ ಗೆಳತಿಯೊಬ್ಬಳು ಮದುವೆಯ ವಾರ್ಷಿಕೋತ್ಸವದ ರಾತ್ರಿ ಗಂಡನ ಜೊತೆ ಕೂತು, ನಾನು ಹೇಳಿದ ಸಿನಿಮಾ ನೋಡಿದಳು. ಮಾರನೇ ದಿನ ಕಾಫಿ ಹೊತ್ತಿಗೆ ಬಂದು ನಿಂತಳು. "ನಿನಗೆ ಬೇರೆ ಸಿನಿಮಾ ಸಿಗಲಿಲ್ವಾ? ಪ್ರೀತಿಸಿದವನನ್ನ ಹಾಳು ಮಾಡೋಕೆ ಅಂತಲೇ ಅವನಿಗೆ ಮದುವೆ ಮಾಡಿಸ್ತಾಳಲ್ಲೇ ಅವಳು!"

ತಪ್ಪು ಸಿನಿಮಾದ್ದಲ್ಲ. ನಾನೇ ಯಾರಿಗೆ, ಯಾವತ್ತು, ಏನಕ್ಕೆ ಅಂತ ಕೇಳದೆ ಹೇಳಿದ್ದೆ. ಹಳೆಯ ಫ್ರೆಂಚರು ಪ್ರೀತಿಯ ಬಗ್ಗೆ ತೆಗೆದ ದೊಡ್ಡ ಸಿನಿಮಾಗಳಲ್ಲಿ ಪ್ರೀತಿಗಿಂತ ಜಾಸ್ತಿ ಇರುವುದು ಅಹಂಕಾರ. ಯಾರೂ ಕೂಗಾಡುವುದಿಲ್ಲ, ಕೆನ್ನೆಗೆ ಬಾರಿಸುವುದು ತೀರಾ ಅಪರೂಪ. ತುಂಬಾ ಮರ್ಯಾದೆಯಿಂದ ಮಾತಾಡುತ್ತಾ, ಕೈಗವಸು ಸರಿಮಾಡಿಕೊಳ್ಳುತ್ತಾ, ಎದುರಿನವರ ಜೀವ ಹಿಂಡುತ್ತಾರೆ. ಇಂಥ ಸಿನಿಮಾ ಒಂದನ್ನು ನೋಡಬೇಕು, ಆದರೆ ಯಾವುದು ಅಂತ ಗೊತ್ತಾಗುತ್ತಿಲ್ಲ ಅನ್ನುವವರಿಗಾಗಿ ನಾಲ್ಕನ್ನು ಮುಂದಿಡುತ್ತೇನೆ. ಐದನೆಯದೊಂದು ಬಾಗಿಲ ಹೊರಗೆ ನಿಂತಿರುತ್ತದೆ.

ಮೊದಲು ಅಳತೆಗೋಲು. ನಮ್ಮ ಭಾಷೆಯಲ್ಲಿ ಅಹಂಕಾರಕ್ಕೆ ಎಷ್ಟೊಂದು ಮಾತುಗಳಿವೆ ನೋಡಿ. ಬಿಂಕ ಬೇರೆ, ಹಮ್ಮು ಬೇರೆ, ಡೌಲು ಬೇರೆ, ಜಂಭ ಬೇರೆ. ಬಿಂಕದವಳು ತನ್ನನ್ನು ಎಲ್ಲರೂ ನೋಡಲಿ ಅಂತ ಬಯಸುತ್ತಾಳೆ. ಹಮ್ಮಿನವಳಿಗೆ ಯಾರು ನೋಡಿದರೂ ಬಿಟ್ಟರೂ ಒಂದೇ, ತಾನು ಸೋಲಬಾರದು ಅಷ್ಟೇ. ಡೌಲು ಇರುವುದು ಮನೆಯಲ್ಲಿ, ಊಟದಲ್ಲಿ, ನೆಂಟರ ಮುಂದೆ. ಜಂಭ ಗಂಡಸರ ಗುಂಪಿನಲ್ಲಿ ಪಂಥ ಕಟ್ಟುತ್ತದೆ. ಈ ನಾಲ್ಕು ಸಿನಿಮಾಗಳು ನನ್ನ ತಲೆಯಲ್ಲಿ ಹೀಗೇ ವಿಂಗಡಣೆಯಾಗಿ ಕೂತಿವೆ. ಯಾವ ಬಗೆಯನ್ನು ನೋಡುವ ಮನಸ್ಸಿದೆ ಅನ್ನುವುದು ಮೊದಲ ಪ್ರಶ್ನೆ.

ಎರಡನೆಯದು, ನೋವು ಕೊಡುವವರಿಗೆ ತಾವು ಕೊಡುತ್ತಿರುವುದು ಗೊತ್ತಿದೆಯೋ ಇಲ್ಲವೋ. ಗೊತ್ತಿದ್ದು ಕೊಡುವವರ ಕಥೆ ಥ್ರಿಲ್ಲರ್ ಥರ ಎಳೆದುಕೊಂಡು ಹೋಗುತ್ತದೆ. ಗೊತ್ತಿಲ್ಲದೆ ಕೊಡುವವರ ಕಥೆ ನಿಧಾನವಾಗಿ ಹತ್ತುತ್ತದೆ, ಆದರೆ ಬೇಗ ಇಳಿಯುವುದಿಲ್ಲ.

ಮೂರನೆಯದು ಮಾತು. ಎಲ್ಲವೂ ಫ್ರೆಂಚ್, ಸಬ್‌ಟೈಟಲ್ ಇಂಗ್ಲಿಷಿನದು. ಕೆಲವದರಲ್ಲಿ ಒಂದೇ ಸಲ ಮೂವರು ಮಾತಾಡುತ್ತಾರೆ, ಓದುತ್ತಾ ಕೂತರೆ ಮುಖ ತಪ್ಪುತ್ತದೆ. ಇಲ್ಲಿ ಕನ್ನಡದವರಿಗೊಂದು ಅನುಕೂಲ ಇದೆ. ಫ್ರೆಂಚಿನಲ್ಲಿ ನಮ್ಮ ಹಾಗೇ 'ನೀನು', 'ನೀವು' ಬೇರೆ ಬೇರೆ. 'ತ್ಯು' ಅಂದರೆ ನೀನು, 'ವೂ' ಅಂದರೆ ನೀವು. ಇಂಗ್ಲಿಷ್ ಸಬ್‌ಟೈಟಲ್ ಎರಡನ್ನೂ ಒಂದೇ ಮಾಡಿಬಿಡುತ್ತದೆ. ಕಿವಿ ಕೊಟ್ಟು ಕೇಳಿ. ಗಂಡ ಹೆಂಡತಿ ಮಲಗುವ ಕೋಣೆಯಲ್ಲೂ 'ನೀವು' ಅನ್ನುತ್ತಿದ್ದಾರೆ ಅಂತ ಕೇಳಿಸಿಕೊಂಡರೆ ಅರ್ಧ ಕಥೆ ಅಲ್ಲೇ ಸಿಕ್ಕಿತು.

ಇನ್ನು ಸಮಯ, ಕಾಸು, ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನುವುದು. ಅದನ್ನು ಕೊನೆಗೆ ನೋಡೋಣ.

ಬಿಂಕ: 'ಮದಾಮ್ ದ...', 1953

ನನಗೆ ಇದರ ಮೇಲೆ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ನಿರ್ದೇಶಕ ಮಾಕ್ಸ್ ಓಫುಲ್ಸ್. ಲೂಯಿಸ್ ದ ವಿಲ್ಮೊರಾಂ ಬರೆದ ಒಂದು ಪುಟ್ಟ ಕಾದಂಬರಿ ಇದಕ್ಕೆ ಆಧಾರ. ಕಥೆಯನ್ನು ಹೇಳಿದರೆ ಅಜ್ಜಿ ಹೇಳುವ ಕಥೆ ಥರ ಕೇಳಿಸುತ್ತದೆ. ಒಬ್ಬಳು ಶ್ರೀಮಂತ ಸೇನಾಧಿಕಾರಿಯ ಹೆಂಡತಿ. ಗಂಡನಿಗೆ ಗೊತ್ತಿಲ್ಲದ ಹಾಗೆ ಸಾಲ ಮಾಡಿಕೊಂಡಿದ್ದಾಳೆ. ತೀರಿಸಲು ವಜ್ರದ ಓಲೆ ಮಾರುತ್ತಾಳೆ. ಆ ಓಲೆ ಊರೂರು ಸುತ್ತಿ ಮತ್ತೆ ಅವಳ ಕೈಗೇ ಬರುತ್ತದೆ.

ಓಲೆ ಅಂದಾಗ ನಮಗೆ ಎರಡು ಅರ್ಥ ಹೊಳೆಯುತ್ತವೆ, ಅಲ್ವಾ? ಕಿವಿಯದ್ದೂ ಓಲೆ, ಕಾಗದವೂ ಓಲೆ. ಎರಡೂ ಮೊದಲಿಗೆ ತಾಳೆಗರಿಯೇ. ಈ ಸಿನಿಮಾ ನೋಡುವಾಗಲೆಲ್ಲ ನನಗೆ ಆ ಜೋಡಿ ಅರ್ಥ ನೆನಪಾಗುತ್ತದೆ. ಕಿವಿಯೋಲೆ ಇಲ್ಲಿ ನಿಜಕ್ಕೂ ಕಾಗದದ ಥರ ಓಡಾಡುತ್ತದೆ. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಅದರಲ್ಲಿ ಬರೆದಿರುವ ವಿಷಯ ಬದಲಾಗುತ್ತದೆ.

ಮೊದಲ ದೃಶ್ಯವನ್ನು ಹತ್ತಿರದಿಂದ ನೋಡಿ. ಹೆಂಗಸಿನ ಮುಖ ಕಾಣುವುದಿಲ್ಲ. ಕೈ ಮಾತ್ರ. ಆ ಕೈ ಆಭರಣದ ಪೆಟ್ಟಿಗೆ ತಡಕುತ್ತದೆ, ಬೀರು ತೆರೆಯುತ್ತದೆ, ಬಟ್ಟೆಗಳ ಮೇಲೆ ಸರಿಯುತ್ತದೆ, ತುಪ್ಪುಳದ ಕೋಟನ್ನು ಸವರುತ್ತದೆ. ಯಾವುದನ್ನು ಮಾರಲಿ ಅಂತ ತನ್ನಷ್ಟಕ್ಕೆ ಗುನುಗುತ್ತಾಳೆ. ಇದು ಬೇಡ, ಇದಂತೂ ಆಗಲ್ಲ, ಇದು ಇರಲಿ. ಹೀಗೆ ಎಲ್ಲವನ್ನೂ ಉಳಿಸಿಕೊಂಡು ಕೊನೆಗೆ ಕೈ ನಿಲ್ಲುವುದು ಓಲೆಗಳ ಮೇಲೆ. ಅವು ಮದುವೆಯಾದ ಮಾರನೇ ದಿನ ಗಂಡ ಕೊಟ್ಟವು. ಅವಳ ಮುಖ ನಮಗೆ ಮೊದಲು ಕಾಣುವುದು ಕನ್ನಡಿಯಲ್ಲಿ. ಆಗ ಅವಳು ನಮ್ಮನ್ನಲ್ಲ, ತನ್ನನ್ನು ನೋಡಿಕೊಳ್ಳುತ್ತಿರುತ್ತಾಳೆ. ಎರಡು ನಿಮಿಷದಲ್ಲಿ ಒಂದು ಮದುವೆಯ ಜಾತಕ ಪೂರ್ತಿ ಓದಿದ ಹಾಗಾಯಿತು.

ಆಮೇಲೆ ಒಪೆರಾದಲ್ಲಿ ಓಲೆ ಕಳೆದುಹೋಯಿತು ಅಂತ ನಾಟಕ. ಪತ್ರಿಕೆಯಲ್ಲಿ ಕಳವಿನ ಸುದ್ದಿ. ಹೆದರಿದ ಆಭರಣದ ವ್ಯಾಪಾರಿ ಓಡಿಬಂದು ಗಂಡನಿಗೆ ನಿಜ ಹೇಳುತ್ತಾನೆ. ಗಂಡ ಸಿಟ್ಟಾಗುವುದಿಲ್ಲ. ಸುಮ್ನೆ ಕೊಂಡು, ಕಾನ್‌ಸ್ಟಾಂಟಿನೋಪಲ್‌ಗೆ ಹೊರಟ ತನ್ನ ಪ್ರೇಯಸಿಯ ಕೈಗೆ ಇಡುತ್ತಾನೆ. ಅವಳು ಅದನ್ನು ಅಲ್ಲಿ ಜೂಜಿನಲ್ಲಿ ಕಳೆಯುತ್ತಾಳೆ. ಅಂಗಡಿಯಲ್ಲಿ ನೋಡಿ ಕೊಳ್ಳುವವನು ಇಟಲಿಯ ಒಬ್ಬ ರಾಯಭಾರಿ. ಅವನು ಪ್ಯಾರಿಸ್ಸಿಗೆ ಬಂದು ಪ್ರೀತಿಸುವುದು ಯಾರನ್ನು ಅಂತ ನಾನು ಹೇಳಬೇಕಿಲ್ಲ.

ಇಲ್ಲಿಯವರೆಗೆ ಇದು ತಮಾಷೆಯ ಸಿನಿಮಾ. ನಗುತ್ತಲೇ ಇರುತ್ತೀರಿ. ಗಂಡ ಕೊಟ್ಟಾಗ ಅವು ಬರೀ ಕಲ್ಲು. ಪ್ರೀತಿಸಿದವನು ಕೊಟ್ಟಾಗ ಅದೇ ಕಲ್ಲು ಪ್ರಾಣವಾಗುತ್ತದೆ. ಹಾಕಿಕೊಳ್ಳದೆ ಇರಲಾರಳು. ಹಾಕಿಕೊಳ್ಳಬೇಕಾದರೆ ಗಂಡನಿಗೆ ಒಂದು ಸುಳ್ಳು ಹೇಳಬೇಕು. ಹಳೆಯ ಕೈಗವಸಿನೊಳಗೆ ಸಿಕ್ಕಿತು ಅನ್ನುತ್ತಾಳೆ. ಗಂಡನಿಗೆ ಅದು ಸುಳ್ಳು ಅಂತ ಗೊತ್ತು, ಯಾಕೆಂದರೆ ಓಲೆಯನ್ನು ಊರಾಚೆ ಕಳಿಸಿದವನೇ ಅವನು. ಅವನಿಗೆ ಗೊತ್ತು ಅನ್ನುವುದು ಅವಳಿಗೆ ಗೊತ್ತಿಲ್ಲ. ಸಿನಿಮಾ ಇಲ್ಲಿಂದ ತಿರುಗುತ್ತದೆ. ನಗು ಯಾವಾಗ ನಿಂತಿತು ಅಂತ ನನಗೆ ಪ್ರತಿ ಸಲವೂ ಗೊತ್ತಾಗುವುದಿಲ್ಲ.

ಕ್ರೌರ್ಯ ಎಲ್ಲಿದೆ ಅಂದರೆ, ಮೂವರಲ್ಲೂ ಸ್ವಲ್ಪ ಸ್ವಲ್ಪ ಇದೆ. ಗಂಡ ಕೆಟ್ಟವನಲ್ಲ, ಗಾಯಗೊಂಡವನು. ಶಾರ್ಲ್ ಬ್ವಾಯೆ ಆ ಪಾತ್ರವನ್ನು ಒಂದು ಹುಬ್ಬು ಎತ್ತುವುದರಲ್ಲೇ ಮುಗಿಸುತ್ತಾರೆ. ಪ್ರೇಮಿಯಾಗಿ ನಟಿಸಿರುವುದು ವಿಟ್ಟೋರಿಯೊ ಡಿ ಸಿಕಾ. ಹೌದು, 'ಬೈಸಿಕಲ್ ಥೀವ್ಸ್' ತೆಗೆದವರೇ. ಅವನು ಒಳ್ಳೆಯವನು, ಆದರೆ ಅವಳ ಪುಟ್ಟ ಸುಳ್ಳೊಂದು ತನ್ನ ಹೆಮ್ಮೆಗೆ ತಾಗಿದ ಕ್ಷಣ ತಣ್ಣಗಾಗಿಬಿಡುತ್ತಾನೆ. ನನ್ನ ಲೆಕ್ಕದಲ್ಲಿ ಇಡೀ ಚಿತ್ರದ ಅತಿ ಕ್ರೂರ ಗಳಿಗೆ ಆ ತಣ್ಣಗಿನ ಮಾತೇ. ಅವಳು ಡಾನಿಯೆಲ್ ದಾರ್ಯೂ. 1917ರಲ್ಲಿ ಹುಟ್ಟಿದವರು, ನೂರು ವರ್ಷ ತುಂಬಿದ ಮೇಲೆ 2017ರಲ್ಲಿ ತೀರಿಕೊಂಡರು.

ಇನ್ನು ಆ ಬಾಗಿಲ ದೃಶ್ಯ. ಆ ರಾಯಭಾರಿಯಿಂದ ತಪ್ಪಿಸಿಕೊಳ್ಳಲು ಅವಳು ಊರು ಬಿಟ್ಟು ಹೊರಟಿದ್ದಾಳೆ. ಬೀಳ್ಕೊಡುವಾಗ ಅರ್ಧ ತೆರೆದ ಬಾಗಿಲಿಗೆ ಒರಗಿ, "ನಾನು ನಿಮ್ಮನ್ನು ಪ್ರೀತಿಸುತ್ತಿಲ್ಲ" ಅನ್ನುತ್ತಾಳೆ. ಮತ್ತೆ ಅನ್ನುತ್ತಾಳೆ. ಮತ್ತೆ. ಪ್ರತಿ ಸಲವೂ ಅರ್ಥ ತಿರುವುಮುರುವು. ಅಲ್ಲಿ ಬರುವುದು 'ವೂ', ನಮ್ಮ 'ನಿಮ್ಮನ್ನು'. 'ನಿನ್ನನ್ನು' ಅಂತ ಅನ್ನಲಾಗದ ಜಾಗದಲ್ಲೇ ಆ ಹೆಂಗಸು ಸಿಕ್ಕಿಬಿದ್ದಿದ್ದಾಳೆ.

ಓಫುಲ್ಸ್‌ರ ಕ್ಯಾಮೆರಾ ನಿಲ್ಲುವುದೇ ಇಲ್ಲ. ಮೆಟ್ಟಿಲು ಹತ್ತುತ್ತದೆ, ಗಾಜಿನಾಚೆ ಹೋಗುತ್ತದೆ, ನರ್ತಿಸುವವರ ಜೊತೆ ಸುತ್ತುತ್ತದೆ. ಇಬ್ಬರೂ ಒಂದು ಕುಣಿತ ಶುರುಮಾಡುತ್ತಾರೆ. ಅದು ಮುಗಿಯುವಷ್ಟರಲ್ಲಿ ಎಷ್ಟೋ ವಾರ ಕಳೆದಿರುತ್ತವೆ, ಬಟ್ಟೆ ಬದಲಾಗಿರುತ್ತದೆ, ಪರಿಚಯ ಪ್ರೀತಿಯಾಗಿರುತ್ತದೆ. ಕೊನೆಗೆ ವಾದ್ಯದವರು ಎದ್ದು ಹೋಗುತ್ತಾರೆ, ಆಳು ಬಂದು ದೀಪ ಆರಿಸುತ್ತಾನೆ. ಇವರು ಮಾತ್ರ ಇನ್ನೂ ಕುಣಿಯುತ್ತಿರುತ್ತಾರೆ.

ಕಷ್ಟ ಏನು? ಮೊದಲ ಅರ್ಧ ಗಂಟೆ ಕೆಲವರಿಗೆ ಹಗುರ ಅನಿಸುತ್ತದೆ. "ಇದೇನು, ದುಡ್ಡಿದ್ದವರ ಗೋಳು" ಅಂತ ನಮ್ಮ ಚಿಕ್ಕಮ್ಮ ಎದ್ದು ಹೋಗಿ ಪಲ್ಯಕ್ಕೆ ಹೀರೇಕಾಯಿ ಹೆಚ್ಚಲು ಕೂತರು. ಸಾಲದ ವಿಷಯ ಬಂದಾಗ ಮತ್ತೆ ಬಂದರು. ಓಲೆ ಮೂರನೇ ಸಲ ಅದೇ ಅಂಗಡಿಗೆ ವಾಪಸ್ ಹೋದಾಗ, "ಲಾಭ ಮಾಡಿದ್ದು ಆ ಸೇಟು ಒಬ್ಬನೇ" ಅಂದರು. ಎಷ್ಟೋ ವಿಮರ್ಶೆಗಳಿಗಿಂತ ಅದು ವಾಸಿ. ಉದ್ದ ಸುಮಾರು ಒಂದೂಮುಕ್ಕಾಲು ಗಂಟೆ.

ಹಮ್ಮು: 'ಲೇ ದಾಮ್ ದ್ಯು ಬ್ವಾ ದ ಬುಲೋನ್', 1945

ನನ್ನ ಗೆಳತಿ ವಾರ್ಷಿಕೋತ್ಸವದ ದಿನ ನೋಡಿ ಕೋಪಿಸಿಕೊಂಡದ್ದು ಇದನ್ನೇ. ಹೆಸರಿನ ಅರ್ಥ ಬುಲೋನ್ ವನದ ಹೆಂಗಸರು. ಪ್ಯಾರಿಸ್ಸಿನ ಪಕ್ಕದ ದೊಡ್ಡ ಉದ್ಯಾನ ಅದು. ರೊಬೇರ್ ಬ್ರೆಸ್ಸೊಂ ಅವರ ಎರಡನೆಯ ಕಥಾಚಿತ್ರ. ಮಾತುಗಳನ್ನು ಬರೆದವರು ಜಾಂ ಕಾಕ್ತೊ. ಕಥೆ 18ನೇ ಶತಮಾನದ ದೀದೆರೋ ಅವರ ಕಾದಂಬರಿಯೊಳಗಿನ ಒಂದು ಉಪಕಥೆ.

ಎಲೆನ್ ಅನ್ನುವವಳಿಗೆ ತನ್ನ ಪ್ರಿಯಕರನ ಮನಸ್ಸು ತಣ್ಣಗಾಗಿದೆಯೇನೋ ಅನ್ನುವ ಅನುಮಾನ. ಪರೀಕ್ಷೆ ಮಾಡುತ್ತಾಳೆ. "ನನಗೆ ಯಾಕೋ ಮೊದಲಿನ ಹಾಗೆ ಅನಿಸುತ್ತಿಲ್ಲ" ಅಂತ ಸುಳ್ಳೇ ಹೇಳುತ್ತಾಳೆ. ಅವನು ಬೇಡ ಬೇಡ ಅಂತಾನೆ, ಕಾಲಿಗೆ ಬೀಳುತ್ತಾನೆ ಅಂತ ಅವಳ ಆಸೆ. ಅವನು ನಿಟ್ಟುಸಿರು ಬಿಟ್ಟು, ನನಗೂ ಹಾಗೇ ಆಗಿದೆ, ನೀವೇ ಹೇಳಿದ್ದು ಒಳ್ಳೆಯದಾಯಿತು ಅಂದುಬಿಡುತ್ತಾನೆ. ಆಗ ಮರಿಯಾ ಕಸಾರೆಸ್ ಅವರ ಮುಖ ನೋಡಿ. ನಗು ಹಾಗೇ ಇದೆ. ಕಣ್ಣಿನ ಹಿಂದೆ ಒಂದು ಬಾಗಿಲು ಮುಚ್ಚಿಕೊಂಡಿತು, ಅಷ್ಟೇ.

ಆಮೇಲಿನದು ಪೂರ್ತಿ ಸೇಡು. ಕ್ಯಾಬರೆಯಲ್ಲಿ ಕುಣಿದು, ತಾಯಿಯ ಜೊತೆ ಹೇಗೋ ಬದುಕುತ್ತಿರುವ ಆನ್ಯೆಸ್ ಅನ್ನುವ ಹುಡುಗಿಯನ್ನು ಹುಡುಕುತ್ತಾಳೆ. ಸಾಲ ತೀರಿಸಿ, ಮರ್ಯಾದಸ್ಥರ ಬೀದಿಯಲ್ಲಿ ಮನೆ ಮಾಡಿಕೊಡುತ್ತಾಳೆ. ಆ ವನದಲ್ಲಿ ಆಕಸ್ಮಿಕವೆಂಬಂತೆ ಅವನ ಕಣ್ಣಿಗೆ ಬೀಳಿಸುತ್ತಾಳೆ. ಅವನು ಹುಚ್ಚನಾಗುತ್ತಾನೆ. ಮದುವೆಯಾಗುವವರೆಗೆ ಕಾದು, ಆಮೇಲೆ ನಿಜ ಹೇಳುವುದು ಅವಳ ಲೆಕ್ಕ.

ಅಳತೆಗೋಲಿಗೆ ಹಿಡಿದರೆ, ಇಲ್ಲಿ ನೋವು ಕೊಡುವವಳಿಗೆ ಎಲ್ಲವೂ ಗೊತ್ತು. ಹಾಗಾಗಿ ಸಿನಿಮಾ ಎಲ್ಲೂ ಸಡಿಲವಾಗುವುದಿಲ್ಲ. ಒಂದೂವರೆ ಗಂಟೆಗಿಂತ ಕಡಿಮೆ, ಪಾತ್ರಗಳು ನಾಲ್ಕೈದೇ, ಮಾತು ಬಿಡಿಬಿಡಿ. ಸಬ್‌ಟೈಟಲ್ ಅಭ್ಯಾಸ ಇಲ್ಲದವರಿಗೆ ಈ ಪಟ್ಟಿಯಲ್ಲಿ ಇದೇ ಸುಲಭ. ಮಳೆ, ಕಾರಿನ ಗಾಜು ಒರೆಸುವ ಸದ್ದು, ಕಪ್ಪು ಉಡುಪು, ಅಷ್ಟರಲ್ಲೇ ಕೆಲಸ ಮುಗಿಯುತ್ತದೆ. ಕೊನೆಗೆ ಒಂದು ಕಾರು ಇಕ್ಕಟ್ಟಿನಿಂದ ಹೊರಬರಲು ಹಿಂದೆ ಮುಂದೆ ಹೋಗುತ್ತದೆ. ಪ್ರತಿ ಸಲ ಹಿಂದಕ್ಕೆ ಬಂದಾಗಲೂ ಕಿಟಕಿಯ ಎದುರಿಗೆ ಎಲೆನ್ ನಿಂತಿರುತ್ತಾಳೆ. ಅವಳು ಏನು ಹೇಳುತ್ತಾಳೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಕೊರತೆ? ಬೆಚ್ಚಗಿಲ್ಲ. ಓಫುಲ್ಸ್ ತನ್ನ ಜನರನ್ನು ಪ್ರೀತಿಸುತ್ತಾರೆ, ಬ್ರೆಸ್ಸೊಂ ಅವರನ್ನು ದೂರದಲ್ಲಿ ನಿಲ್ಲಿಸಿ ನೋಡುತ್ತಾರೆ. ಕಾಲವೂ ಗೊಂದಲ ಮಾಡುತ್ತದೆ. ಬಟ್ಟೆ, ಕಾರು ಎಲ್ಲ 1940ರ ದಶಕದವು, ನಡವಳಿಕೆ ಮಾತ್ರ ರಾಜರ ಕಾಲದ್ದು. ಜರ್ಮನ್ನರು ಪ್ಯಾರಿಸ್ಸನ್ನು ಹಿಡಿದಿದ್ದ ದಿನಗಳಲ್ಲಿ ಚಿತ್ರೀಕರಣ ಶುರುವಾಗಿ, ಕರೆಂಟು ಹೋಗಿ ಬಂದು, ನಿಂತು ನಿಂತು ಮುಗಿದ ಸಿನಿಮಾ ಇದು. ಆ ಯುದ್ಧದ ಒಂದು ಸುಳಿವೂ ಪರದೆಯ ಮೇಲಿಲ್ಲ. ಅದೇ ಒಂಥರಾ ಭಯ ಹುಟ್ಟಿಸುತ್ತದೆ. ಕಸಾರೆಸ್ ಬಗ್ಗೆ ಒಂದು ಮಾತು: ಅವರ ತಂದೆ ಸ್ಪೇನಿನ ಪ್ರಧಾನಿಯಾಗಿದ್ದವರು. ಅಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಹುಡುಗಿಯಾಗಿ ಪ್ಯಾರಿಸ್ಸಿಗೆ ಬಂದು, ಪರಭಾಷೆ ಕಲಿತು ಇಷ್ಟು ಎತ್ತರಕ್ಕೆ ಹೋದರು.

ಕಪ್ಪು ಬಿಳುಪು ಅಂದರೆ ನಿದ್ದೆ ಬರುತ್ತದೆ ಅನ್ನುವವರಿಗೆ ಒಂದು ದಾರಿ ಇದೆ. ಇದೇ ದೀದೆರೋ ಕಥೆಯನ್ನು 2018ರಲ್ಲಿ ಎಮಾನ್ಯುಯೆಲ್ ಮೂರೆ ಬಣ್ಣದಲ್ಲಿ, ಅದರ ಕಾಲದ ಉಡುಗೆಯಲ್ಲೇ ತೆಗೆದಿದ್ದಾರೆ. ಹೆಸರು 'ಮದ್ಮ್ವಾಸೆಲ್ ದ ಜೊಂಕಿಯೇರ್'. ಸೊಗಸಾಗಿದೆ. ಆದರೆ ಆ ಬಾಗಿಲು ಮುಚ್ಚಿದ ಮುಖ ಅದರಲ್ಲಿಲ್ಲ.

ಡೌಲು: 'ಲ ರೆಗ್ಲ್ ದ್ಯು ಜ', 1939

ಅಂದರೆ ಆಟದ ನಿಯಮ. ಜಾಂ ರೆನ್ವಾರ್ ಅವರದ್ದು. ಮುಂದೆ ಬಂಗಾಳಕ್ಕೆ ಬಂದು 'ದಿ ರಿವರ್' ತೆಗೆದ ಅದೇ ರೆನ್ವಾರ್. ಜಗತ್ತಿನ ಅತ್ಯುತ್ತಮ ಸಿನಿಮಾಗಳ ಪಟ್ಟಿ ಯಾರೇ ಮಾಡಿದರೂ ಇದರ ಹೆಸರು ಬರುತ್ತದೆ. ಹಾಗಂತ ಇದನ್ನೇ ಮೊದಲು ನೋಡಲು ಹೋಗಬೇಡಿ. ನಾನು ಹಾಗೆ ಮಾಡಿ, ಮೊದಲ ಸಲ ಅರ್ಧಕ್ಕೆ ನಿಲ್ಲಿಸಿದ್ದೆ.

ಹಳ್ಳಿಯ ಕಡೆಯ ಒಂದು ಬಂಗಲೆ. ಮಾರ್ಕ್ವಿಸ್ ಅನ್ನುವ ಬಿರುದಿನ ಶ್ರೀಮಂತನೊಬ್ಬನ ಮನೆಯಲ್ಲಿ ಬೇಟೆಗೆ ಸೇರಿದ ನೆಂಟರು. ಗಂಡನಿಗೊಬ್ಬಳು, ಹೆಂಡತಿಯ ಹಿಂದೆ ಒಬ್ಬ ವಿಮಾನ ಹಾರಿಸುವವನು. ಕೆಳಗೆ ಅಡುಗೆಮನೆಯಲ್ಲಿ ಆಳುಗಳಿಗೂ ಅದೇ ರಗಳೆ. ಹದಿನೈದು ಮುಖ ನೆನಪಿಟ್ಟುಕೊಳ್ಳಬೇಕು. ಮದುವೆಮನೆಗೆ ಹೊಸದಾಗಿ ಬಂದ ಅಳಿಯನ ಪರಿಸ್ಥಿತಿ. ಒಂದು ಚೀಟಿಯಲ್ಲಿ ಯಾರಿಗೆ ಯಾರು ಅಂತ ಗುರುತು ಹಾಕಿಕೊಳ್ಳಿ. ನಾಚಿಕೆ ಏನಿಲ್ಲ.

ಇಲ್ಲಿ ಕ್ರೌರ್ಯ ಒಬ್ಬರದಲ್ಲ, ಇಡೀ ಮನೆಯದ್ದು. ಎಲ್ಲರೂ ಸುಳ್ಳು ಹೇಳಬಹುದು, ನಿಜ ಹೇಳಿದವನು ಮಾತ್ರ ಆಟ ಕೆಡಿಸಿದವನು. ಒಂದು ಪುಟ್ಟ ಜಾಗ ಹೇಳುತ್ತೇನೆ. ಆಳುಗಳು ಊಟಕ್ಕೆ ಕೂತು ಯಜಮಾನನ ಯಹೂದಿ ಮೂಲದ ಬಗ್ಗೆ ಕೊಂಕು ಆಡುತ್ತಿರುತ್ತಾರೆ. ಅಡುಗೆಯವನು ಬಂದು ಇನ್ನೊಂದು ವಿಷಯ ಎತ್ತುತ್ತಾನೆ. ಆಲೂಗಡ್ಡೆ ಸಾಲಡ್‌ಗೆ ವೈನನ್ನು ಆಲೂಗಡ್ಡೆ ಬಿಸಿಬಿಸಿ ಇರುವಾಗಲೇ ಸುರಿಯಬೇಕು. ಇನ್ನೊಬ್ಬ ಹಾಗೆ ಮಾಡಿರಲಿಲ್ಲ, ಯಜಮಾನ ತುತ್ತಿಟ್ಟ ಕೂಡಲೇ ಕಂಡುಹಿಡಿದನಂತೆ. ಅವನ ಮೂಲ ಏನೇ ಇರಲಿ, ದೊಡ್ಡಮನುಷ್ಯ ಅಂದರೆ ಹೀಗಿರಬೇಕು ಅಂತ ತೀರ್ಪು. ಡೌಲು ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ಹೇಳಲು ಬರುತ್ತದಾ?

ಆ ಯಜಮಾನನಾಗಿ ನಟಿಸಿದ ಮಾರ್ಸೆಲ್ ದಾಲಿಯೊ ನಿಜಕ್ಕೂ ಯಹೂದಿ. ಮಾರನೇ ವರ್ಷವೇ ಫ್ರಾನ್ಸ್ ಬಿಟ್ಟು ಓಡಬೇಕಾಯಿತು. ಸಿನಿಮಾ 1939ರ ಜುಲೈನಲ್ಲಿ ಬಿಡುಗಡೆಯಾದಾಗ ಜನ ರೇಗಿದರು. ರೆನ್ವಾರ್ ಕತ್ತರಿಸಿ ಕತ್ತರಿಸಿ ಚಿಕ್ಕದು ಮಾಡಿದರು, ಆದರೂ ಓಡಲಿಲ್ಲ. ಯುದ್ಧ ಶುರುವಾದ ಮೇಲೆ ಸರ್ಕಾರ ನಿಷೇಧಿಸಿತು. ಮೂಲ ನೆಗೆಟಿವ್ ಬಾಂಬಿಗೆ ಸಿಕ್ಕಿ ಹಾಳಾಯಿತು. ಈಗ ನಾವು ನೋಡುವುದು 1959ರಲ್ಲಿ ಚೂರುಗಳನ್ನೆಲ್ಲ ಜೋಡಿಸಿ ಮಾಡಿದ 106 ನಿಮಿಷದ ರೂಪ.

ಒಂದು ಎಚ್ಚರಿಕೆ. ನಡುವೆ ಬೇಟೆಯ ದೃಶ್ಯ ಇದೆ. ಮೊಲ, ಹಕ್ಕಿಗಳು ಸಾಯುವುದು ನಟನೆಯಲ್ಲ, ನಿಜ. ಸಾಯುವ ಮೊಲದ ಕಾಲು ಸೆಟೆದುಕೊಳ್ಳುವುದನ್ನು ಕ್ಯಾಮೆರಾ ಬಿಡದೆ ನೋಡುತ್ತದೆ. ಮಕ್ಕಳನ್ನು ಕೂರಿಸಿಕೊಂಡು ನೋಡಬೇಡಿ. ನನಗೂ ಆ ಜಾಗ ಬಂದಾಗ ನೀರು ಕುಡಿಯಲು ಏಳಬೇಕು ಅನಿಸುತ್ತದೆ.

ಜಂಭ: 'ಲೇ ಗ್ರಾಂದ್ ಮನೂವ್ರ್', 1955

ಇದು ರನೆ ಕ್ಲೇರ್ ಅವರ ಮೊದಲ ಬಣ್ಣದ ಚಿತ್ರ. ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮುಂಚಿನ ಒಂದು ಸಣ್ಣ ಊರು, ಅಲ್ಲೊಂದು ಸೇನಾ ತುಕಡಿ. ಕುದುರೆ ದಳದ ಲೆಫ್ಟಿನೆಂಟ್ ಒಬ್ಬ ಗೆಳೆಯರ ಜೊತೆ ಪಂಥ ಕಟ್ಟುತ್ತಾನೆ. ತುಕಡಿ ಕವಾಯತಿಗೆ ಹೊರಡುವುದರೊಳಗೆ, ಅದೃಷ್ಟ ತೋರಿಸಿದ ಹೆಣ್ಣನ್ನು ಗೆಲ್ಲುತ್ತೇನೆ ಅಂತ. ಅದೃಷ್ಟ ತೋರಿಸುವುದು ಪ್ಯಾರಿಸ್ಸಿನಿಂದ ಬಂದು ಟೋಪಿ ಅಂಗಡಿ ಇಟ್ಟಿರುವ, ಗಂಡನಿಂದ ಬೇರೆಯಾದ ಹೆಂಗಸನ್ನು. ಆಮೇಲೆ ನಿಜವಾಗಿಯೇ ಪ್ರೀತಿ ಹುಟ್ಟುತ್ತದೆ. ಪಂಥದ ವಿಷಯ ಅವಳಿಗೆ ತಿಳಿಯುತ್ತದೆ.

ನಮ್ಮ ಎಷ್ಟೋ ಸಿನಿಮಾಗಳಲ್ಲಿ ಕಾಲೇಜು ಹುಡುಗರು ಇಂಥದೇ ಪಂಥ ಕಟ್ಟಿದ್ದಾರೆ. ಅಲ್ಲಿ ಕೊನೆಗೆ ಹುಡುಗಿ ಕ್ಷಮಿಸುತ್ತಾಳೆ, ಹಾಡು ಬರುತ್ತದೆ. ಇಲ್ಲಿ ಕೊನೆಯ ದೃಶ್ಯ ಒಂದು ಕಿಟಕಿ. ಅದು ತೆರೆಯುತ್ತದೋ ಇಲ್ಲವೋ ಅಂತ ಕುದುರೆಯ ಮೇಲಿನಿಂದ ಅವನೂ, ಕುರ್ಚಿಯ ತುದಿಯಿಂದ ನಾವೂ ನೋಡುತ್ತೇವೆ.

ಜೆರಾರ್ ಫಿಲಿಪ್, ಮಿಶೆಲ್ ಮೊರ್ಗಾಂ ಮುಖ್ಯ ಜೋಡಿ. ಬ್ರಿಜಿತ್ ಬಾರ್ದೊ ಸಣ್ಣ ಪಾತ್ರದಲ್ಲಿದ್ದಾರೆ. ಹಗುರ, ನಗು ಜಾಸ್ತಿ, ಮನೆಮಂದಿಯೆಲ್ಲ ಕೂತು ನೋಡಬಹುದು. ಆಳ ಮಿಕ್ಕ ಮೂರಕ್ಕಿಂತ ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನನ್ನ ಗೆಳತಿಗೆ ಅವತ್ತು ಇದನ್ನು ಹೇಳಬೇಕಿತ್ತು. ಸಮವಸ್ತ್ರದ ಕೆಂಪನ್ನು ಬಿಟ್ಟರೆ ಉಳಿದ ಬಣ್ಣವೆಲ್ಲ ತೊಳೆದಿಟ್ಟ ಹಾಗಿದೆ, ಕಣ್ಣಿಗೆ ತಂಪು.

ಬಾಗಿಲ ಹೊರಗೆ ನಿಂತದ್ದು ರೊಜೆ ವಾದಿಂ 1959ರಲ್ಲಿ ತೆಗೆದ 'ಲೇ ಲಿಯೆಜೊಂ ದಾಂಜರೂಜ್'. ಲಕ್ಲೋ ಅವರ 1782ರ ಪತ್ರಕಾದಂಬರಿಯನ್ನು ತಮ್ಮ ಕಾಲದ ಪ್ಯಾರಿಸ್ಸಿಗೆ ತಂದಿದ್ದಾರೆ. ಜೆರಾರ್ ಫಿಲಿಪ್, ಜಾನ್ ಮೊರೊ ಇದರಲ್ಲಿ ಗಂಡ ಹೆಂಡತಿ. ಪರರನ್ನು ಬಲೆಗೆ ಬೀಳಿಸುವುದೇ ಇಬ್ಬರ ಆಟ. ಥೆಲೋನಿಯಸ್ ಮಂಕ್‌ರ ಪಿಯಾನೊ ಕೇಳಲಿಕ್ಕಾದರೂ ನೋಡಬಹುದು. ನನಗೆ ಇದು ಮುಂದಿನ ಸಾಲಿನಲ್ಲಿ ಕೂರುವ ಸಿನಿಮಾ ಅನಿಸಲಿಲ್ಲ. ಜಾಣತನ ಇದೆ, ಯಾರಿಗೂ ನೋವಾಗುವುದು ಕಾಣುವುದಿಲ್ಲ. ಫಿಲಿಪ್ ಅದೇ ವರ್ಷ ನವೆಂಬರ್‌ನಲ್ಲಿ, 36 ವರ್ಷಕ್ಕೇ ತೀರಿಕೊಂಡರು. ಅದು ಗೊತ್ತಿದ್ದು ನೋಡಿದರೆ ಮುಖ ಬೇರೆ ಥರ ಕಾಣುತ್ತದೆ.

ಹಾಗಾದರೆ ಯಾವುದು?

ಒಬ್ಬರೇ ಇದ್ದೀರಿ, ರಾತ್ರಿ ಫೋನ್ ಪಕ್ಕಕ್ಕಿಡಬಲ್ಲಿರಿ ಅಂದರೆ 'ಮದಾಮ್ ದ...'. ಕೆಲಸ ಮುಗಿಸಿ ಸುಸ್ತಾಗಿ ಬಂದಿದ್ದೀರಿ, ಆದರೂ ಕಚ್ಚುವಂಥದ್ದು ಏನಾದರೂ ಬೇಕು ಅಂದರೆ ಬ್ರೆಸ್ಸೊಂ. ಅಪ್ಪ ಅಮ್ಮ ಜೊತೆಗಿದ್ದರೆ, ಅಥವಾ ಸಬ್‌ಟೈಟಲ್ ಸಿನಿಮಾ ಅಂದರೆ ಮುಖ ಸಿಂಡರಿಸುವ ಯಜಮಾನರು ಇದ್ದರೆ ರನೆ ಕ್ಲೇರ್. ನಾಟಕ, ಕಾದಂಬರಿಯ ಹುಚ್ಚಿದ್ದು, ಒಂದೇ ಸಿನಿಮಾವನ್ನು ಎರಡು ಸಲ ನೋಡುವ ತಾಳ್ಮೆ ಇದ್ದವರಿಗೆ ರೆನ್ವಾರ್. ಎರಡನೇ ಸಲವೇ ಅದು ನಿಜವಾಗಿ ಶುರುವಾಗುವುದು. ಈಗಷ್ಟೇ ಯಾರಿಂದಲೋ ಮನಸ್ಸು ಮುರಿಸಿಕೊಂಡು ಕೂತವರು ಬ್ರೆಸ್ಸೊಂ ಕಡೆ ಆರು ತಿಂಗಳು ತಲೆಹಾಕಬೇಡಿ. ಐಡಿಯಾ ಬರಬಹುದು.

ನಾಲ್ಕನ್ನೂ ನೋಡುವವರಿಗೆ ನನ್ನ ಕ್ರಮ: ಮೊದಲು ಕ್ಲೇರ್, ಆಮೇಲೆ ಓಫುಲ್ಸ್, ಆಮೇಲೆ ಬ್ರೆಸ್ಸೊಂ, ಕೊನೆಗೆ ರೆನ್ವಾರ್. ತಿಂಗಳಿಗೊಂದು ಸಾಕು.

ಕಾಸಿನ ವಿಷಯ. ಅಗ್ಗದ ದಾರಿ ಫಿಲ್ಮ್ ಸೊಸೈಟಿಗಳು. ಬೆಂಗಳೂರಿನವರಿಗೆ ಬನಶಂಕರಿಯ ಸುಚಿತ್ರಾ ಇದೆ, ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್ ಇದೆ. ಅವರ ಕಾರ್ಯಕ್ರಮದ ಮೇಲೆ ಕಣ್ಣಿಟ್ಟಿರಿ. ಓಫುಲ್ಸ್‌ರ ಕ್ಯಾಮೆರಾ ದೊಡ್ಡ ಪರದೆಯಲ್ಲಿ ಸುತ್ತಿದರೆ ಅದರ ಗಮ್ಮತ್ತೇ ಬೇರೆ. ಮನೆಯಲ್ಲೇ ನೋಡುವುದಾದರೆ ಮುಬಿ ಥರದ ತಾಣಗಳಿವೆ. ಅಲ್ಲಿ ಚಿತ್ರಗಳು ಬಂದು ಹೋಗುತ್ತಿರುತ್ತವೆ. ಒಂದು ಸಿನಿಮಾಗೋಸ್ಕರ ವರ್ಷದ ಚಂದಾ ಕಟ್ಟುವ ಮುಂಚೆ, ಅದು ಇವತ್ತು ಅಲ್ಲಿದೆಯಾ ಅಂತ ಹುಡುಕಿ ನೋಡಿ. ಅಮೆರಿಕ, ಕೆನಡಾದಲ್ಲಿರುವ ನಮ್ಮವರಿಗೆ ಕ್ರೈಟೀರಿಯನ್ ಚಾನೆಲ್ ಸಿಗುತ್ತದೆ, ಇಲ್ಲಿಗೆ ಸಿಗುವುದಿಲ್ಲ. ಓಫುಲ್ಸ್, ಬ್ರೆಸ್ಸೊಂ, ರೆನ್ವಾರ್ ಮೂವರ ಈ ಚಿತ್ರಗಳನ್ನೂ ಅದೇ ಕಂಪನಿ ಡಿಸ್ಕಿನಲ್ಲೂ ತಂದಿದೆ.

ಡಿಸ್ಕ್ ಕೊಳ್ಳುವ ಆಸೆ ಇದ್ದರೆ ಒಂದು ಮಾತು ಕೇಳಿ. ಡಿಸ್ಕುಗಳಿಗೆ ಪ್ರದೇಶದ ಬೀಗ ಇರುತ್ತದೆ. ನಮ್ಮ ದೇಶದ್ದು ಡಿವಿಡಿಗೆ ರೀಜನ್ 5, ಬ್ಲೂ-ರೇಗೆ ರೀಜನ್ ಸಿ. ಅಮೆರಿಕದ್ದು 1 ಮತ್ತು ಎ. ಎಲ್ಲ ಪ್ರದೇಶದ್ದೂ ಓಡುವ ಪ್ಲೇಯರ್ ಇಲ್ಲದಿದ್ದರೆ ಕಪ್ಪು ಪರದೆ ಮೇಲೆ ಒಂದು ಸಾಲು ಇಂಗ್ಲಿಷ್ ಬಂದು ನಿಲ್ಲುತ್ತದೆ, ಅಷ್ಟೇ. ಇದು ನನಗೆ ಹೇಗೆ ಗೊತ್ತು ಅಂದರೆ, ನಮ್ಮ ಭಾವನ ಕೈಲಿ 'ಮದಾಮ್ ದ...' ಡಿಸ್ಕನ್ನು ಅಲ್ಲಿಂದ ತರಿಸಿದ್ದೆ. ಓಡಲಿಲ್ಲ. ಆದರೂ ಎಸೆಯಲು ಮನಸ್ಸು ಬರಲಿಲ್ಲ, ಹೊದಿಕೆ ಅಷ್ಟು ಚೆನ್ನಾಗಿದೆ. ಹಾಲಿನ ಶೋಕೇಸಿನಲ್ಲಿ, ಬಂದವರಿಗೆ ಕಾಣುವ ಹಾಗೆ ಇಟ್ಟಿದ್ದೇನೆ. ಕೆಲವರು ಎತ್ತಿ ನೋಡಿ, "ಓಹೋ, ಇದೆಲ್ಲ ನೋಡ್ತೀರಾ!" ಅನ್ನುತ್ತಾರೆ. ಅದು ಓಡಲ್ಲ ಅಂತ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.